ಕನ್ನಡಕದೊಳಗಿನ ನಗು

ಬೆಳಗ್ಗೆ ಗಾರ್ಮೆಂಟ್ಸ್ ಗೇಟಿನಲ್ಲಿ ಕಣ್ಣಿಗೆ ಕಟ್ಟುವ ದಪ್ಪ ಕನ್ನಡಕವನ್ನು ಊಟದ ಬೆಲ್ಲಾಗುವವರೆಗೆ ಬಿಚ್ಚುವಂತಿಲ್ಲ. ಅದರೊಳಗೆ ಗೋಡೆಯಿರುವಲ್ಲಿ ಸಮುದ್ರ ಕಾಣುತ್ತದೆ, ಸಿನಿಮಾ ಹಾಡು ಬರುತ್ತದೆ, ಲೈನಿನ ಹೆಂಗಸರೆಲ್ಲ ನಗುನಗುತ್ತಾ ಹೊಲಿಯುತ್ತಾರೆ. ಅಳುಮುಖ ಕಂಡರೆ ಪಕ್ಕದವಳ ಕೈಯೂ ನಿಧಾನವಾಗುತ್ತದೆಂದು ಕಂಪನಿಯವರು ಎಲ್ಲರ ಮುಖಕ್ಕೂ ನಗು ಅಂಟಿಸಿದ್ದಾರೆ. ಸುಳ್ಳೇಕೆ ಹೇಳಲಿ, ಸಮುದ್ರ ಚೆನ್ನಾಗಿಯೇ ಇದೆ.

ಇವತ್ತು ಹತ್ತು ಗಂಟೆಗೆ ಪಕ್ಕದ ಮೆಷಿನ್ನಿನ ಜಯಶೀಲಕ್ಕ, "ಎದೆ ಹಿಂಡ್ದಂಗಾಯ್ತದೆ ಕಣೇ," ಎಂದಳು. ತಿರುಗಿ ನೋಡಿದೆ. ನಗುತ್ತಿದ್ದಳು.

"ಸುಮ್ನಿರಕ್ಕ, ನಿಂದು ಯಾವಾಗ್ಲೂ ತಮಾಸೆ," ಎಂದು ನಾನೂ ನಕ್ಕೆ.

ಬೆಲ್ಲಾದಾಗ ಕನ್ನಡಕ ಬಿಚ್ಚಿ, ಅವಳಿಗೆ ಇಷ್ಟವೆಂದು ತಂದಿದ್ದ ಬಸ್ಸಾರಿನ ಡಬ್ಬಿಯನ್ನು ಅವಳತ್ತ ಸರಿಸಿದೆ. ಅಲ್ಲಿಯವರೆಗೂ ಕನ್ನಡಕದೊಳಗೆ ಹೊಲಿಯುತ್ತಲೇ ಇದ್ದ ಜಯಶೀಲಕ್ಕ, ಅರ್ಧ ಹೊಲಿದ ಶರ್ಟಿನ ಮೇಲೆ ತಲೆಯಿಟ್ಟು ಒರಗಿದ್ದಳು. ಮುಟ್ಟಿದರೆ ಕೈ ತಣ್ಣಗಿತ್ತು.

ಅವಳನ್ನು ಹೊತ್ತುಕೊಂಡು ಹೋದ ಮೇಲೆ ಸೂಪರ್‌ವೈಸರ್ ಅದೇ ಮೆಷಿನ್ನಿಗೆ ಹೊಸಬಳೊಬ್ಬಳನ್ನು ಕೂರಿಸಿ, ಅವಳಿಗೊಂದು ಕನ್ನಡಕ ಕಟ್ಟಿ, ನನಗೂ ಮತ್ತೆ ಹಾಕಿಸಿದರು. ಸಮುದ್ರವೆಲ್ಲ ಮಸುಕಾಯಿತು. ತುಟಿ ಕಚ್ಚಿಕೊಂಡು ಅಳುತ್ತಲೇ ಹೊಲಿದೆ.

ಹೊಸಬಳು ನನ್ನತ್ತ ತಿರುಗಿ ಕೇಳಿದಳು: "ಯಾಕಕ್ಕ, ಅಷ್ಟೊಂದು ನಗ್ತಿದೀರ?"