ಸೀರೆ ದಿನದ ಕೋಲಾಟ

ಹೊಸ ಸೀರೆಯ ಗಂಜಿ ವಾಸನೆಗೆ ಈಗಲೂ ಹುಣಸೂರಿನ ನಮ್ಮ ಹೈಸ್ಕೂಲಿನ ಸೀರೆ ದಿನ ನೆನಪಾಗುತ್ತದೆ.

ವಾರ್ಷಿಕೋತ್ಸವದ ವಾರ. ಹತ್ತನೇ ಕ್ಲಾಸಿನ ಹುಡುಗಿಯರೆಲ್ಲ ಅಮ್ಮಂದಿರ ಸೀರೆ ಉಟ್ಟು, ನೆರಿಗೆ ಎತ್ತಿ ಹಿಡಿದು ನಗುತ್ತಿದ್ದೆವು. ನನ್ನ ಕೋಲಾಟದ ಜೋಡಿ ಸವಿತಾಳದು ಮಾತ್ರ ಹೊಸ ಸೀರೆ.

“ಯಾರ್ದೇ ಇದು?” ಎಂದೆ.

“ನಂದೇ ಕಣೆ. ಗಂಡಿನ ಕಡೆಯೋರು ತಂದವ್ರೆ.”

ಮಧ್ಯಾಹ್ನ ಅವಳ ಅಜ್ಜಿ ಕರೆದೊಯ್ಯಲು ಬಂದರು.

“ಇನ್ನೂ ಕೋಲಾಟ ಐತೆ ಕಣಜ್ಜಿ” ಎಂದೆ.

“ಕುಣಿದಿದ್ದು ಸಾಕು ಬುಡವ್ವ. ಮನೇಲಿ ನೆಂಟ್ರು ಕಾಯ್ತಾವ್ರೆ” ಎಂದು ಅಜ್ಜಿ ಅವಳ ಸೆರಗು ಸರಿಮಾಡಿ, ಕೈಹಿಡಿದು ನಡೆದರು. ಸವಿತಾ ತಿರುಗಿ ನೋಡಲಿಲ್ಲ.

ಮೈಕಿನಲ್ಲಿ ನಮ್ಮ ತಂಡವನ್ನು ಕರೆದರು. ನನಗೆ ಅಳು ಬರಲಿಲ್ಲ, ಏನೂ ಬರಲಿಲ್ಲ. ಎದುರಿಗೆ ಯಾರೂ ಇಲ್ಲದೆ, ಪ್ರತಿ ತಾಳಕ್ಕೂ ಗಾಳಿಗೆ ಕೋಲು ಬೀಸುತ್ತ, ಹಾಡು ಮುಗಿಯುವವರೆಗೂ ಆಡಿದೆ.