ಗುಮಟೆಗೆ ಹಚ್ಚಿದ ಮೈಕು

ಮಾದೇವ ಗೌಡ ಮಣ್ಣಿನ ಗುಮಟೆಯ ಹಿಂಬಾಯಿಯನ್ನು ಎಡ ಅಂಗೈಯಿಂದ ಮುಚ್ಚಿ, ಬಲಗೈಯಿಂದ ಚರ್ಮಕ್ಕೆ ಬಡಿದ. ದನಿ ಇಳಿಯಬೇಕಿತ್ತು. ಕಾರವಾರ ಕಡಲತೀರದ ವೇದಿಕೆಯ ಸ್ಪೀಕರಿನಿಂದ ‘ಧಂ’ ಎಂದು ಬಂತು. ಹಿಂಬಾಯಿಯಿಂದ ಅಂಗೈ ತೆಗೆದು ಬಡಿದ. ಮತ್ತದೇ ‘ಧಂ’.

“ಎಂತದಾ ತಮಾ ಇದು?” ಎಂದ, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಸೌಂಡಿನ ರೋಷನನಿಗೆ.

“ಅಜ್ಜಾ, ಅಂಚಿಗೆ ಹಚ್ಚಿದ ಆ ಸಣ್ಣ ಮೈಕಿಗೆ ಪೆಟ್ಟು ಗೊತ್ತಾದ್ರೆ ಸಾಕು, ಸದ್ದು ಸಾಫ್ಟ್‌ವೇರೇ ಕೊಡ್ತದೆ. ನಿಮ್ಮ ಗುಮಟೆದು ಜನಕ್ಕೆ ಕೇಳೂದೇ ಇಲ್ಲ. ಹ್ಯಾಂಗೆ ಬಡಿದ್ರೂ ತಪ್ಪಾಗೂದಿಲ್ಲ!”

ಕೊಳೆತ ಬಂಗಡೆ ಮೀನು ಮೂಗಿಗೆ ಹಿಡಿದ ಹಾಗೆ ಮಾದೇವ ಮುಖ ಕಿವುಚಿದ. ಗುಮಟೆ ಕೆಳಗಿಟ್ಟು, ವೇದಿಕೆಯ ಮೆಟ್ಟಿಲಲ್ಲಿ ಬಿಟ್ಟಿದ್ದ ತನ್ನ ರಬ್ಬರ್ ಚಪ್ಪಲಿ ಒಂದನ್ನು ತಂದ. ಮೈಕು ಕಿತ್ತು ಅದರ ಪಟ್ಟಿಗೆ ಸಿಕ್ಕಿಸಿದ. ಚಪ್ಪಲಿಯನ್ನು ವೇದಿಕೆಯ ಮರದ ಹಲಗೆಗೆ ಬಡಿದ.

ಧಂ!

ಕೆಳಗೆ ಜನ ಎದ್ದು ಸಿಳ್ಳೆ ಹಾಕಿದರು. ಸನ್ಮಾನದ ಶಾಲು ಹಿಡಿದು ಓಡಿಬಂದ ನಿರೂಪಕಿ, “ಕೇಳಿದ್ರಲ್ಲ, ಇದೇ ನಮ್ಮ ಮಣ್ಣಿನ ನಾದ!” ಎಂದು ಕೂಗಿದಳು.

ಮಾದೇವ ಚಪ್ಪಲಿಯನ್ನು ತನ್ನ ಕುರ್ಚಿಯ ಮೇಲೆ ಜೋಪಾನವಾಗಿ ಕೂರಿಸಿ, ಗುಮಟೆಯನ್ನು ಬಗಲಿಗೇರಿಸಿದ.

“ಶಾಲು ಇದಕ್ಕೇ ಹೊದೆಸು ತಂಗೀ.”