ಆರೂವರೆ ಗಂಟೆಯ ಸಿನಿಮಾ

ವರ್ನಾ ಪಸಾನೆನ್ ಆ ವಾರದ ಸಿನಿಮಾ ಪಟ್ಟಿಯಲ್ಲಿ ಬೇಕೆಂದೇ ಮೋಸ ಮಾಡಿದಳು. ಹದಿನಾಲ್ಕು ವರ್ಷಗಳಿಂದ ಪ್ರತಿ ಶುಕ್ರವಾರ ಊರ ಗ್ರಂಥಾಲಯದ ಗೋಡೆಗೆ ‘ಮನೆಯಲ್ಲೇ ಕೂತು ನೋಡಿ’ ಎಂಬ ಹಾಳೆ ಅಂಟಿಸುತ್ತಿದ್ದ ಗ್ರಂಥಪಾಲಕಿ ಅವಳು. ತಾನು ನೋಡದ ಸಿನಿಮಾವನ್ನು ಯಾರಿಗೂ ನೋಡಿ ಎಂದವಳಲ್ಲ. ಈ ಸಲ ಎಂದಳು. ನಾರ್ವೆಯ ಕೊಲೆ ಕಥೆ, ಮೂರು ಡಿಸ್ಕ್, ಒಟ್ಟು ಆರೂವರೆ ಗಂಟೆ. ‘ಕೊನೆಯ ಹತ್ತು ನಿಮಿಷ ಉಸಿರು ಬಿಡಲಾಗುವುದಿಲ್ಲ’ ಎಂದು ಬರೆದಳು. ಅವಳು ಓದಿದ್ದು ಡಬ್ಬಿಯ ಹಿಂದಿನ ನಾಲ್ಕು ಸಾಲು ಮಾತ್ರ.

ಗಾಳ ಹಾಕಿದ್ದು ಒಂದೇ ಮೀನಿಗೆ. ಅದರ ಹೆಸರು ಗೆರಿಟ್ ಹೂಕ್‌ಸ್ಟ್ರಾ.

ಉತ್ತರ ಮಿಶಿಗನ್ನಿನ ಆ ಊರಿನಲ್ಲಿ ಮೇ ತಿಂಗಳ ಎರಡನೆಯ ಶನಿವಾರ ಮೊರೆಲ್ ಅಣಬೆಯ ಸ್ಪರ್ಧೆ. ಮನೆಗೊಂದು ಚೀಲ. ಬೆಳಿಗ್ಗೆ ಆರರಿಂದ ಹನ್ನೆರಡರವರೆಗೆ ಕಾಡು ಸುತ್ತಬಹುದು, ಆಮೇಲೆ ಅಗ್ನಿಶಾಮಕ ಠಾಣೆಯಲ್ಲಿ ತೂಕ. ಸತತ ಏಳು ವರ್ಷ ಹೂಕ್‌ಸ್ಟ್ರಾ ಮನೆಯ ಚೀಲವೇ ಮೊದಲು. ಏಳೂ ವರ್ಷ ವರ್ನಾ ಎರಡನೆಯವಳು. ಈಗ ಅವಳಿಗೆ ಎಪ್ಪತ್ತೆರಡು, ಜೂನ್‌ನಲ್ಲಿ ಎರಡೂ ಮಂಡಿಗೆ ಶಸ್ತ್ರಚಿಕಿತ್ಸೆ. ಮುಂದಿನ ವರ್ಷ ಗುಡ್ಡ ಹತ್ತುವ ಮಾತೇ ಇಲ್ಲ. ಠಾಣೆಯ ಗೋಡೆಯಲ್ಲಿ ಗೆದ್ದವರ ಹೆಸರಿನ ಹಲಗೆಯ ಮೇಲೆ ಒಂದೇ ಒಂದು ಸಲ ತನ್ನ ಹೆಸರು ಕಾಣಬೇಕೆಂಬುದು ಅವಳ ಆಸೆ.

ಗೆರಿಟ್ ಪ್ರತಿ ವರ್ಷ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಕಪ್ ಎತ್ತುತ್ತಿದ್ದ. “ಎಲ್ಲಿ ಸಿಕ್ತಯ್ಯಾ ಇಷ್ಟೊಂದು?” ಎಂದರೆ ಹಲ್ಲು ಕಿರಿದು “ಕಾಡಲ್ಲಿ” ಎನ್ನುತ್ತಿದ್ದ. ಆ ಊರಿನವರು ಅಣಬೆ ಏಳುವ ಜಾಗವನ್ನು ಹೆತ್ತ ಮಕ್ಕಳಿಗೂ ಹೇಳುವವರಲ್ಲ. ಹೀಗಾಗಿ ಅವನ ಬಾಯಿಬಿಗಿಯನ್ನು ಎಲ್ಲರೂ ಮೆಚ್ಚುತ್ತಿದ್ದರು. ಅವನ ಹೆಂಡತಿ ಆಲ್ಮಾ ಮಾತ್ರ ಮೂಲೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು. ಅವಳಿಗೆ ಗಂಡನ ಸಿನಿಮಾ ಹುಚ್ಚೂ ಬೇಡ, ಗೆಲುವೂ ಬೇಡ ಎಂದು ಊರು ನಗುತ್ತಿತ್ತು.

ಹುಚ್ಚೆಂದರೆ ಅಂಥಿಂಥ ಹುಚ್ಚಲ್ಲ. ಒಮ್ಮೆ ಒಲೆಯ ಮೇಲಿನ ಸೂಪು ಸೀದು ಮನೆಯೆಲ್ಲ ಹೊಗೆಯಾದಾಗ, ಬಾಗಿಲು ಬಡಿದ ಅಗ್ನಿಶಾಮಕದವರಿಗೆ ಗೆರಿಟ್ ಕೂತಲ್ಲಿಂದಲೇ “ಒಂದ್ನಿಮಿಷ ತಡೀರಿ, ಕೊಲೆಗಾರ ಸಿಗ್ತಿದಾನೆ” ಎಂದಿದ್ದ.

ಶುಕ್ರವಾರ ಸಂಜೆ ಐದಕ್ಕೆ ಅವನು ಗ್ರಂಥಾಲಯಕ್ಕೆ ಬಂದ. ಹಾಳೆ ಓದಿದ. ನೇರವಾಗಿ ವರ್ನಾಳ ಮೇಜಿಗೆ ಬಂದ.

“ನಾಳೆ ಮಧ್ಯಾಹ್ನದೊಳಗೆ ವಾಪಸ್ ಕೊಡ್ಬೇಕು ಗೆರಿಟ್. ನಿನ್ನ ಹಿಂದೆ ನಲವತ್ತು ಜನ ಕಾಯ್ತಿದಾರೆ. ಇದು ತಪ್ಪಿದ್ರೆ ಸೆಪ್ಟೆಂಬರ್‌ಗೇ ನೋಡು.” ನಲವತ್ತು ಹೋಗಲಿ, ನಾಲ್ಕು ಜನವೂ ಕಾಯುತ್ತಿರಲಿಲ್ಲ.

“ಇವತ್ತು ರಾತ್ರಿ ಆಗಲ್ವಲ್ಲ ಮಾರಾಯ್ತಿ. ಚರ್ಚಿನಲ್ಲಿ ಮೀನೂಟ. ಬಂದವನೇ ಮಲಗಿಬಿಡ್ತೀನಿ.”

“ಅಯ್ಯೋ ಹೌದಲ್ವಾ!” ವರ್ನಾ ಕೆನ್ನೆಗೆ ಕೈಯಿಟ್ಟಳು. “ನಾಳೆ ಬೆಳಿಗ್ಗೆ ನಿಂಗೆ ಕೆಲಸ ಬೇರೆ ಇದೆ.”

“ನಂಗೇನು ಕೆಲಸ?” ಗೆರಿಟ್ ಕಣ್ಣರಳಿಸಿದ. “ಐದೂವರೆಗೇ ಎದ್ದು ಕೂರ್ತೀನಿ. ಕೊಡು ಇಲ್ಲಿ.”

ಎಂಥ ನಾಟಕ ಆಡ್ತಾನಪ್ಪಾ, ಎಂದುಕೊಂಡಳು ವರ್ನಾ. ಒಂದು ಡಿಸ್ಕ್ ನೋಡಿ ಕಾಡಿಗೆ ಓಡುವ ಯೋಚನೆ ಇವನದು. ಓಡಲಿ ನೋಡೋಣ. ಅವನು ಹೊರಗೆ ಕಾಲಿಟ್ಟ ಮೇಲೆ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕಳು.

ಶನಿವಾರ ಆರಕ್ಕೆ ಹತ್ತು ನಿಮಿಷ ಇರುವಾಗ ಅವಳ ಕಾರು ಹೂಕ್‌ಸ್ಟ್ರಾ ಮನೆಯ ಮುಂದೆ ನಿಧಾನವಾಯಿತು. ಕಿಟಕಿಯಲ್ಲಿ ಟಿವಿಯ ನೀಲಿ ಬೆಳಕು, ಸೋಫಾದ ಮೇಲೆ ಗೆರಿಟ್‌ನ ಬೋಳುತಲೆ. ಅಂಗಳದಲ್ಲಿ ಅವನ ಟ್ರಕ್ಕೂ ಇರಲಿಲ್ಲ. ರಿಪೇರಿಗೆ ಬಿಟ್ಟಿರಬೇಕು, ಒಳ್ಳೆಯದೇ ಆಯಿತು. ಪಾಪ ಅನ್ನಿಸಿತು. ಮುಂದಿನ ತಿರುವು ಬರುವಷ್ಟರಲ್ಲಿ ಆ ಪಾಪ ಮರೆತೂ ಹೋಯಿತು.

ಹಿಂದಿನ ದಿನ ಮಳೆ ಬಂದು ಬಿಸಿಲು ಬಿದ್ದಿತ್ತು. ಒಣಗಿ ನಿಂತ ಎಲ್ಮ್ ಮರಗಳ ಬುಡದಲ್ಲಿ, ಹಾಳುಬಿದ್ದ ಸೇಬಿನ ತೋಟದಲ್ಲಿ ಮೊರೆಲ್‌ಗಳ ಜೇನುಗೂಡಿನಂಥ ಟೋಪಿಗಳು ಸಾಲಾಗಿ ಎದ್ದಿದ್ದವು. ವರ್ನಾ ಮಂಡಿ ಹಿಡಿದುಕೊಂಡು ಕೂತಳು, ಎದ್ದಳು, ಬೈದಳು, ಮತ್ತೆ ಕೂತಳು. ಹನ್ನೊಂದೂವರೆಗೆ ಚೀಲ ಎತ್ತಲಾಗದೆ ಎಳೆದುಕೊಂಡು ಬಂದಳು.

ಠಾಣೆಯಲ್ಲಿ ತಕ್ಕಡಿಯ ಮುಳ್ಳು ಆರು ಪೌಂಡ್ ದಾಟಿತು. ಅವಳ ಜೀವಮಾನದಲ್ಲೇ ಹೆಚ್ಚು. ಬೇರೆ ಯಾರದೂ ನಾಲ್ಕನ್ನೂ ಮುಟ್ಟಿರಲಿಲ್ಲ. ಹಲಗೆಗೆ ಹೆಸರು ಬರೆಯುವವನು ಕುಂಚ ಅದ್ದಿ, “ಪಸಾನೆನ್‌ಗೆ ಒಂದು ‘ಸ’ನೋ ಎರಡೋ?” ಎಂದು ಕೇಳಿದ. ವರ್ನಾಳ ಕಣ್ಣು ತುಂಬಿ ಬಂತು. “ಒಂದೇ, ಒಂದೇ” ಎಂದಳು.

ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ಹೊರಗೆ ಗೆರಿಟ್‌ನ ಟ್ರಕ್ ಬಂದು ನಿಂತಿತು. ಇಳಿದವಳು ಆಲ್ಮಾ. ಮೊಣಕಾಲಿನವರೆಗೆ ಕೆಸರು, ಕೂದಲಲ್ಲಿ ಮುಳ್ಳುಕಡ್ಡಿ, ಉಗುರು ಸಂದಿಯಲ್ಲೆಲ್ಲ ಕರಿಮಣ್ಣು. ಅವಳು ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ತಕ್ಕಡಿಯ ಮೇಲೆ ಕುಕ್ಕಿದಳು. ಮುಳ್ಳು ಹನ್ನೊಂದಕ್ಕೆ ಹೋಗಿ ನಿಂತಿತು.

“ಗೆರಿಟ್ ಎಲ್ಲಿ?” ವರ್ನಾ ಟ್ರಕ್ಕಿನೊಳಗೆ ಇಣುಕಿದಂತೆ ಬಾಗಿಲಾಚೆ ನೋಡಿದಳು.

“ಇನ್ನೂ ಟಿವಿ ಮುಂದೆ,” ಎಂದು ಆಲ್ಮಾ ಅವಳ ಎರಡೂ ಕೈ ಹಿಡಿದುಕೊಂಡಳು. “ನಿಂಗೆ ಪುಣ್ಯ ಬರ್ಲಿ ಕಣೇ ವರ್ನಾ! ಪ್ರತಿ ವರ್ಷ ನೀನು ಹೇಳಿದ ಸಿನಿಮಾ ಎಂಟಕ್ಕೇ ಮುಗಿದು, ನಮ್ಮನೆಯವರಿಗೆ ತಿಂಡಿ ಮಾಡಿಕೊಡೋಕೆ ನಾನು ಕಾಡು ಬಿಟ್ಟು ಓಡಿ ಬರ್ಬೇಕಿತ್ತು.”